ತೌಡು ಅಗ್ಗ ಅಂತ ಸುರಿದರೆ ಗೆಂಡೆ ಬೆಳೆಯುವುದಿಲ್ಲ

ಕಾಟ್ಲಾ, ರೋಹು, ಗೆಂಡೆ ಮೀನು ಸಾಕುವ ಹೊಂಡಗಳಲ್ಲಿ ಹೆಚ್ಚಾಗಿ ನಡೆಯುವುದು ಎರಡೇ ಮೇವು: ಅಕ್ಕಿ ತೌಡು, ಕಡಲೆಕಾಯಿ ಹಿಂಡಿ. ಹಿಂಡಿಯ ಬೆಲೆ ಏರಿದ ಕೂಡಲೇ ತೌಡಿನ ಪಾಲೂ ಏರುತ್ತದೆ. ಲೆಕ್ಕ ತಪ್ಪುವುದು ಇಲ್ಲೇ. ಹಿಂಡಿಯಲ್ಲಿ ಪ್ರೋಟೀನ್ ಸುಮಾರು 42%, ತೌಡಿನಲ್ಲಿ 12%. ಸಮಸಮ ಬೆರೆಸಿದರೆ 27% ಸಿಗುತ್ತದೆ. 7 ಕೆಜಿ ತೌಡಿಗೆ 3 ಕೆಜಿ ಹಿಂಡಿ ಹಾಕಿದರೆ 21%. ಬೆರಳುದ್ದದ ಮರಿಗೆ 30% ಆದರೂ ಬೇಕು, ಅಂದರೆ ಹಿಂಡಿ 6, ತೌಡು 4.

ಹಾಗಂತ ತೌಡಿನಲ್ಲಿರುವ ಪಿಷ್ಟ ದಂಡವಲ್ಲ. ಓಡಾಟಕ್ಕೆ ಬೇಕಾದ ಶಕ್ತಿ ಪಿಷ್ಟದಿಂದ ಸಿಕ್ಕರೆ ದುಬಾರಿ ಪ್ರೋಟೀನ್ ಮೈ ಬೆಳೆಸಲು ಉಳಿಯುತ್ತದೆ. ಆದರೆ ಉಳಿಸಲು ಮೊದಲು ಮೇವಿನಲ್ಲಿ ಪ್ರೋಟೀನ್ ಇರಬೇಕಲ್ಲ! ಗೆಂಡೆ ಜಾತಿ, ತಿಲಾಪಿಯಾಗಳ ಮೇವಿನಲ್ಲಿ ಪಿಷ್ಟ 30–40% ಇದ್ದರೂ ನಡೆಯುತ್ತದೆ. ಕೊರವದಂಥ ಮಾಂಸಾಹಾರಿ ಮೀನಿಗೆ 20% ದಾಟಿಸಬಾರದು.

ಮಿತಿ ಏಕೆಂದರೆ, ರಕ್ತದಲ್ಲಿ ಏರಿದ ಸಕ್ಕರೆಯನ್ನು ಮೀನು ನಮ್ಮಷ್ಟು ಬೇಗ ಇಳಿಸಿಕೊಳ್ಳಲಾರದು. ಮಿಕ್ಕಿದ್ದು ಗ್ಲೈಕೋಜನ್ (ಮೈ ಕೂಡಿಡುವ ಸಕ್ಕರೆಯ ರೂಪ) ಆಗಿ, ಕೊಬ್ಬಾಗಿ ಯಕೃತ್ತಿಗೆ ಸೇರುತ್ತದೆ. ಮಾದರಿಗೆ ಒಂದು ಮೀನು ಕೊಯ್ದು ನೋಡಿ. ಗೆಂಡೆಯ ಯಕೃತ್ತು ಕರುಳಿನ ಸುರುಳಿಗಳ ನಡುವೆ ಹರಡಿರುತ್ತದೆ. ಅದು ಕೆಂಗಂದು ಬಣ್ಣ ಬಿಟ್ಟು ಹಳದಿಗೆ ತಿರುಗಿ ಊದಿದ್ದರೆ, ಕರುಳಿನ ಸುತ್ತ ಬಿಳಿ ಕೊಬ್ಬು ಕಟ್ಟಿದ್ದರೆ ಮೇವಿನ ಹದ ಕೆಟ್ಟಿದೆ ಎಂದೇ ಅನುಮಾನಿಸಬೇಕು. ತಕ್ಕಡಿಯಲ್ಲಿ ತೂಕ ಬಂದಿರುತ್ತದೆ, ಮಾಂಸ ಬಂದಿರುವುದಿಲ್ಲ. ಇದೇ ಕಾರಣಕ್ಕೆ ಮೇವಿಗೆ ಬೆಲ್ಲ ಕಲಸುವುದೂ ಒಳ್ಳೆಯದಲ್ಲ. ಪಿಷ್ಟ ನಿಧಾನವಾಗಿ ಕರಗುತ್ತದೆ, ಬೆಲ್ಲ ಒಮ್ಮೆಲೇ ರಕ್ತಕ್ಕೇರುತ್ತದೆ.

ಇನ್ನೊಂದು, ಹಸಿ ಪಿಷ್ಟ ಸರಿಯಾಗಿ ಅರಗದು. ಕರುಳಿನ ಹಿಂತುದಿಯಿಂದ ಹಿಂಡಿದ ಮಲಕ್ಕೆ ಒಂದು ಹನಿ ಅಯೋಡಿನ್ ಬಿಟ್ಟಾಗ ಕಡುನೀಲಿಯಾದರೆ ಪಿಷ್ಟ ಹಾಗೇ ಹೊರಬರುತ್ತಿದೆ ಎಂದರ್ಥ. ನುಚ್ಚು, ಜೋಳದ ಹಿಟ್ಟು ಹಾಕುವುದಾದರೆ ಗಂಜಿಯಂತೆ ಬೇಯಿಸಿ, ಅದರಲ್ಲೇ ನೆನೆಸಿದ ಹಿಂಡಿ ಮತ್ತು ತೌಡು ಕಲಸಿ. ವಿಟಮಿನ್ ಪುಡಿಯನ್ನು ಆರಿದ ಮೇಲೆಯೇ ಬೆರೆಸಬೇಕು. ಶಾವಿಗೆ ಒತ್ತಿನಲ್ಲಿ ಒತ್ತಿ ನೆರಳಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ತೇವ ಉಳಿದರೆ ಬೂಸ್ಟು ಬರುತ್ತದೆ, ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ. ಎಣ್ಣೆ ತೆಗೆಯದ ತೌಡನ್ನು ತಿಂಗಳುಗಟ್ಟಲೆ ಇಡಬೇಡಿ, ಕಮಟು ಹತ್ತುತ್ತದೆ.

ಗೆಂಡೆಗೆ ಜಠರವಿಲ್ಲ. ಒಂದೇ ಹೊತ್ತಿಗೆ ಸುರಿಯುವ ಬದಲು ದಿನದ ಮೇವನ್ನು ಎರಡು ಮೂರು ಪಾಲು ಮಾಡಿ ಕೊಟ್ಟರೆ ಪಿಷ್ಟ ಚೆನ್ನಾಗಿ ಮೈಗೆ ಹತ್ತುತ್ತದೆ. ಬೆಳೆದ ಮೀನಿಗೆ ಮೈತೂಕದ 2–3% ಸಾಕು. ತಿನ್ನದೆ ಉಳಿದ ತೌಡು ತಳದಲ್ಲಿ ಕೊಳೆತು ಆಮ್ಲಜನಕ ಎಳೆಯುತ್ತದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅಂದಿನ ಮೇವು ನಿಲ್ಲಿಸಿ, ಹೊಸ ನೀರು ಬಿಡಿ ಇಲ್ಲವೇ ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಿ.