ವಹಾಕಾದಲ್ಲಿ ಹಿರಿಯರ ಹಬ್ಬ: ಹೋಗುವವರಿಗೆ ಒಂದಿಷ್ಟು ಮಾತು

ಮಹಾಲಯ ಅಮಾವಾಸ್ಯೆಯಂದು ನಮ್ಮ ಮನೆಯಲ್ಲಿ ಅಪ್ಪನ ಫೋಟೊ ಮುಂದೆ ಬಾಳೆಲೆ ಹಾಸಿ ಎಡೆ ಇಡುತ್ತೇವೆ. ಕೋಳಿ ಸಾರು, ಚಕ್ಕುಲಿ, ಒಂದು ಕಟ್ಟು ಬೀಡಿ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಮೆಕ್ಸಿಕೊದ ವಹಾಕಾ ನಗರದಲ್ಲಿ 'ದಿಯಾ ದೆ ಮ್ವೆರ್ತೋಸ್' (ಸತ್ತವರ ದಿನ) ನೋಡುವ ಆಸೆ ಹುಟ್ಟಿದ್ದೇ ಅಲ್ಲಿಂದ. 2023ರಲ್ಲಿ ನಾನೂ ನನ್ನ ಹೆಂಡತಿಯೂ ಹೋಗಿ ಬಂದೆವು.

ಹಬ್ಬ ನವೆಂಬರ್ 1 ಮತ್ತು 2. ಮೊದಲ ದಿನ ತೀರಿಕೊಂಡ ಮಕ್ಕಳಿಗೆ, ಎರಡನೆಯ ದಿನ ದೊಡ್ಡವರಿಗೆ ಎಂಬುದು ಸಾಮಾನ್ಯ ಲೆಕ್ಕ. ಆದರೆ ನೀವು ಅಕ್ಟೋಬರ್ 28ರೊಳಗೆ ಅಲ್ಲಿರಬೇಕು. ಹಬ್ಬಕ್ಕಿಂತ ಹಬ್ಬದ ಸಂತೆಯೇ ಚೆನ್ನ, ಅದು ಮೊದಲೇ ಶುರುವಾಗುತ್ತದೆ. ರೂಮನ್ನು ಐದಾರು ತಿಂಗಳು ಮುಂಚೆ ಹಿಡಿಯಿರಿ. ನಾವು ಆಗಸ್ಟ್‌ನಲ್ಲಿ ಹಿಡಿದೆವು, ಹೊರಡುವ ವಾರ ಮುಂಚೆ ಆ ರೂಮಿನ ಮಾಲೀಕರು ರದ್ದು ಮಾಡಿದರು, ಕೊನೆಗೆ ಊರಾಚೆ ದುಪ್ಪಟ್ಟು ಬಾಡಿಗೆಗೆ ಇರಬೇಕಾಯಿತು. ಅಮೆರಿಕ, ಬ್ರಿಟನ್, ಕೆನಡಾ, ಜಪಾನ್ ಅಥವಾ ಯುರೋಪಿನ ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಭಾರತೀಯರಿಗೆ ಮೆಕ್ಸಿಕೊ ವೀಸಾ ಬೇರೆ ಬೇಕಾಗಿರಲಿಲ್ಲ. ಟಿಕೆಟ್ ಮಾಡುವ ಮೊದಲು ದೂತಾವಾಸದ ವೆಬ್‌ಸೈಟಿನಲ್ಲಿ ಈಗಿನ ನಿಯಮ ನೋಡಿಕೊಳ್ಳಿ, ದಾರಿಯಲ್ಲಿ ವಿಮಾನ ಬದಲಿಸುವ ದೇಶದ ನಿಯಮವನ್ನೂ. ಮೆಕ್ಸಿಕೊ ಸಿಟಿಯಿಂದ ವಹಾಕಾಕ್ಕೆ ಬಸ್ಸಿನಲ್ಲಿ ಆರೂವರೆ, ಏಳು ಗಂಟೆ. ಹಗಲು ಬಸ್ಸೇ ಹತ್ತಿ, ಗುಡ್ಡಗಳು ಕಾಣುತ್ತವೆ.

ಅಕ್ಟೋಬರ್ 29 ಭಾನುವಾರ. ತ್ಲಾಕೊಲೂಲಾ ಊರಿನ ಸಂತೆಗೆ ಹೋದೆವು. ಲಾರಿಗಟ್ಟಲೆ ಚೆಂಡುಹೂ! ಅಲ್ಲಿ ಅದಕ್ಕೆ ಸೆಂಪಾಸೂಚಿಲ್ ಅನ್ನುತ್ತಾರೆ. ನಮ್ಮ ಆಯುಧಪೂಜೆಯ ಚೆಂಡುಹೂವಿನ ತವರೇ ಮೆಕ್ಸಿಕೊ. ಪಕ್ಕದಲ್ಲಿ ಕೆನ್ನೇರಳೆ ಕೋಳಿಜುಟ್ಟು ಹೂ, ಕೊಪಾಲ್ ಎಂಬ ಮರದ ಅಂಟಿನ ಧೂಪ, ಮಣ್ಣಿನ ಧೂಪಾರತಿ. ಎರಡು ಕಂತೆ ಹೂ, ನಾಲ್ಕು ಮೇಣದಬತ್ತಿ ಕೊಂಡೆವು. ನೀವೂ ಕೊಳ್ಳಿ, 31ರ ರಾತ್ರಿ ಸ್ಮಶಾನಕ್ಕೆ ಬರಿಗೈಯಲ್ಲಿ ಹೋಗಬೇಡಿ.

31ರ ರಾತ್ರಿ ಪಕ್ಕದ ಹೊಹೊಕೊತ್ಲಾನ್ ಊರಿನ ಸ್ಮಶಾನಕ್ಕೆ ಹೋಗುವುದು ವಾಡಿಕೆ. ಟ್ಯಾಕ್ಸಿಯವರಿಗೆ 'ಹೊಹೊ' ಅಂದರೆ ಸಾಕು. ರಸ್ತೆ ಕಿಕ್ಕಿರಿದು ನಿಂತಿತ್ತು, ನಾವು ಇಳಿದು ನಡೆದೆವು. ಬೇಗ ಹೊರಡಿ, ಸ್ವೆಟರ್ ಒಯ್ಯಿರಿ, ಕತ್ತಲಾದ ಮೇಲೆ ಚಳಿ ಇದೆ.

ಹೊರಗೆ ಜಾತ್ರೆಯ ಗದ್ದಲ, ಒಳಗೆ ಸಾವಿರಾರು ಬತ್ತಿ. ಪ್ರವಾಸಿಗಳು ಗೋರಿಗಳ ನಡುವೆ ಫೋನ್ ಎತ್ತಿಕೊಂಡು ಓಡಾಡುತ್ತಿದ್ದುದು ನನಗೆ ಸಹಿಸಲಾಗಲಿಲ್ಲ. ಅದು ಮನೆಯವರು ತಮ್ಮವರ ಜೊತೆ ಕೂರುವ ರಾತ್ರಿ. ಒಂದು ಮೂಲೆಯಲ್ಲಿ ಅಜ್ಜಿಯೊಬ್ಬರು ಗೋರಿಯ ಮಣ್ಣನ್ನು ಅಂಗೈಯಿಂದ ಸವರಿ ಸಮ ಮಾಡಿ, ಹೂವಿನ ಎಸಳು ಬಿಡಿಸಿ ಶಿಲುಬೆಯಾಕಾರಕ್ಕೆ ಉದುರಿಸುತ್ತಿದ್ದರು. ತಲೆಯ ಕಡೆ ಒಂದು ಹುಲ್ಲಿನ ಟೋಪಿ, ಸಿಗರೇಟ್ ಪ್ಯಾಕು, ಬಾಟ್ಲಿಯಲ್ಲಿ ಮೆಸ್ಕಾಲ್ ಎಂಬ ಕತ್ತಾಳೆಯ ಸಾರಾಯಿ. ನಮ್ಮ ಹೂವನ್ನು ಅವರ ಮುಂದೆ ಹಿಡಿದೆವು. ಅವರು ತೆಗೆದುಕೊಂಡು, ಬಕೆಟ್ಟೊಂದನ್ನು ಬೋರಲು ಹಾಕಿ, 'ಸಿಯೆಂತೆಸೆ' ಅಂದರು, ಕೂತುಕೊಳ್ಳಿ ಅಂತ. ಫೋನಿನಲ್ಲಿದ್ದ ಅಪ್ಪನ ಫೋಟೊ ತೋರಿಸಿದೆ. ಅಜ್ಜಿ ನಮ್ಮದೇ ಒಂದು ಬತ್ತಿ ಹಚ್ಚಿ ಪಕ್ಕದಲ್ಲಿ ನೆಟ್ಟರು. ಒಂದೂವರೆ ಗಂಟೆ ಅಲ್ಲೇ ಕೂತಿದ್ದೆವು. ಫೋಟೊ ತೆಗೆಯಲೇಬೇಕಿದ್ದರೆ ಮೊದಲು ಮಾತಾಡಿಸಿ, 'ಪ್ವೇದೊ ತೊಮಾರ್ ಊನಾ ಫೋತೊ?' ಎಂದು ಕೇಳಿ. ಬೇಡವೆಂದರೆ ಬಿಟ್ಟುಬಿಡಿ.

ಮುಖಕ್ಕೆ ಬುರುಡೆ ಬಣ್ಣ, ಬ್ಯಾಂಡು, ಕುಣಿತ ಬೇಕಿದ್ದವರು 1ರ ರಾತ್ರಿ ಎತ್ಲಾ ಕಡೆಯ ಹಳ್ಳಿಗಳಿಗೆ ಹೋಗಬಹುದು. ಬೆಳಗಿನವರೆಗೂ ನಡೆಯುತ್ತದೆ.

ಇನ್ನು ಊಟ. ನನ್ನ ಹೆಂಡತಿ ಸಸ್ಯಾಹಾರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಹಬ್ಬದ ರಾಜ ಕರಿ ಮೋಲೆ. ಚಿಲ್ವಾಕ್ಲೆ ಎಂಬ ಮೆಣಸಿನಕಾಯಿಯನ್ನು ಕಪ್ಪಾಗುವಷ್ಟು ಹುರಿದು, ಎಳ್ಳು, ಚಾಕೊಲೇಟ್, ಮಸಾಲೆ ಎಲ್ಲ ಅರೆದ ಗಟ್ಟಿ ಗೊಜ್ಜು. ಮೊದಲು ಖಾರ, ಆಮೇಲೆ ಸಿಹಿ, ಕೊನೆಗೆ ಸುಟ್ಟ ಕಹಿ. ಆದರೆ ಅದನ್ನು ಸಾಮಾನ್ಯವಾಗಿ ಕೋಳಿಯ ನೀರಿನಲ್ಲೇ ಕದಡುತ್ತಾರೆ. ಬಾಳೆಲೆಯಲ್ಲಿ ಬೇಯಿಸಿದ ತಮಾಲ್ ನಮ್ಮ ಕಡುಬಿನಂತೆ ಕಂಡರೂ ಹಿಟ್ಟಿಗೆ ಹಂದಿ ಕೊಬ್ಬು ಕಲಸಿರುತ್ತಾರೆ, ತ್ಲಾಯೂದ ಎಂಬ ದೊಡ್ಡ ರೊಟ್ಟಿಗೂ ಸವರುತ್ತಾರೆ. 'ಮಾಂಸ ಬೇಡ' ಅಂದರೆ ಸಾಲದು. 'ಸಿನ್ ಮಾಂತೇಕಾ' (ಕೊಬ್ಬು ಬೇಡ), 'ಸಿನ್ ಕಾಲ್ದೊ ದೆ ಪೊಯ್ಯೊ' (ಕೋಳಿ ನೀರು ಬೇಡ) ಎನ್ನಿ. ಕುಂಬಳದ ಹೂ, ಎಳೆ ಎಳೆಯಾಗಿ ಬಿಡಿಸುವ ಕೆಸಿಯ್ಯೊ ಚೀಸ್ ತುಂಬಿ ಮಣ್ಣಿನ ಹೆಂಚಿನ ಮೇಲೆ ಸುಡುವ ಕೆಸದಿಯ ಎಂಬ ಮಡಿಸಿದ ರೊಟ್ಟಿ ನಮ್ಮ ದಿನದ ಆಸರೆಯಾಯಿತು. ಮುಸುಕಿನ ಜೋಳ, ಕೋಕೊ ಅರೆದು ಮಾಡುವ ತಣ್ಣನೆಯ ಪಾನೀಯ ತೆಹಾತೆಯನ್ನು ಬಿಡಲೇಬೇಡಿ. ಹಬ್ಬದ ಬ್ರೆಡ್ಡಿನಲ್ಲಿ ಪುಟ್ಟ ಬಣ್ಣದ ಮುಖ ಚುಚ್ಚಿರುತ್ತಾರೆ, ನೀರಿನಲ್ಲಿ ಕುದಿಸಿದ ಬಿಸಿ ಚಾಕೊಲೇಟಿಗೆ ಅದ್ದಿ ತಿನ್ನಬೇಕು. ಮೊಟ್ಟೆ ತಿನ್ನದವರಿಗೆ ಆ ಬ್ರೆಡ್ ಆಗದು.

ಬೆನಿತೊ ಹ್ವಾರೆಸ್ ಮಾರುಕಟ್ಟೆಯಲ್ಲಿ ಮೋಲೆ ಮುದ್ದೆ ತೂಕಕ್ಕೆ ಸಿಗುತ್ತದೆ. ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿ ಅರ್ಧ ಕಿಲೊ ತನ್ನಿ. ಹ್ಯಾಂಡ್ ಬ್ಯಾಗಿನಲ್ಲಿ ಬಿಡುವುದಿಲ್ಲ, ಎರಡು ಪದರ ಪ್ಲಾಸ್ಟಿಕ್ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿ. ನಮ್ಮ ಮನೆಯಲ್ಲಿ ಬದನೆಕಾಯಿ ಹಾಕಿ ಕುದಿಸಿದೆವು, ಅನ್ನಕ್ಕೆ ಚೆನ್ನಾಗಿಯೇ ಹೊಂದಿತು.