ಹುಳು ಆಮೇಲೆ ಕೊಳ್ಳಿ, ಊಟ ಮೊದಲು ನೋಡಿ

ನಾನು ಎರೆಗೊಬ್ಬರ ಘಟಕದಲ್ಲಿ ಕೆಲಸ ಮಾಡುವವನು. ಹುಳು ಕೇಳಿಕೊಂಡು ಬರುವವರಲ್ಲಿ ಅಡಿಕೆ ತೋಟದವರೇ ಹೆಚ್ಚು. "ಎರಡು ಕೆಜಿ ಕೊಡಿ, ತೋಟಕ್ಕೆ ಬಿಡ್ತೀವಿ" ಅಂತಾರೆ. ಬಿಡಬೇಡಿ ಅಂತ ನಾನೇ ಹೇಳ್ತೀನಿ. ನಮ್ಮ ಯಜಮಾನರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ, ಇರಲಿ.

ನಮ್ಮ ತೊಟ್ಟಿಯಲ್ಲಿರುವುದು ಯೂಡ್ರಿಲಸ್ ಮತ್ತು ಐಸೀನಿಯಾ. ಎರಡೂ ನೆಲದ ಮೇಲೆ ಕೊಳೆಯುವ ದರಗು, ಸೆಗಣಿ ತಿಂದು ಬದುಕುವ ಜಾತಿ. ಬರೀ ಮಣ್ಣಿಗೆ ಬಿಟ್ಟರೆ ಅವಕ್ಕೆ ಊಟವಿಲ್ಲ. ಜಾಗ ಬಿಡುತ್ತವೆ, ಇಲ್ಲವೇ ಸಾಯುತ್ತವೆ. ಮಣ್ಣನ್ನೇ ನುಂಗಿ, ಅದರಲ್ಲಿರುವ ಸಾವಯವ ಅಂಶ ಅರಗಿಸಿಕೊಂಡು, ಬಿಲ ಕೊರೆಯುತ್ತಾ ಓಡಾಡುವ ಹುಳುಗಳೇ ಬೇರೆ. ಅವನ್ನು ಯಾರೂ ಮಾರುವುದಿಲ್ಲ, ಮಾರಬೇಕಾಗಿಯೂ ಇಲ್ಲ. ವಿಷ ಸುರಿಯದ ತೋಟದಲ್ಲಿ ಸಾಮಾನ್ಯವಾಗಿ ಅವು ಇದ್ದೇ ಇರುತ್ತವೆ.

ಇನ್ನು ತೊಟ್ಟಿಯ ಮಾತು. ಎರೆಹುಳಕ್ಕೆ ಹಲ್ಲಿಲ್ಲ. ಕೋಳಿಗಿದ್ದಂತೆ ಒಳಗೊಂದು ಗಟ್ಟಿ ಸ್ನಾಯುವಿನ ಚೀಲವಿದೆ, ನುಂಗಿದ್ದು ಮರಳಿನ ಕಣಗಳ ಜೊತೆ ಅಲ್ಲಿ ಅರೆದು ನುಣ್ಣಗಾಗುತ್ತದೆ. ಅದಕ್ಕೇ ತೊಟ್ಟಿಗೆ ಒಂದಿಷ್ಟು ಮಣ್ಣು ಹಾಕುವುದು. ಹಸಿ ಸೊಪ್ಪು ತಂದು ಸುರಿದರೆ ಹುಳು ಕೂಡಲೇ ತಿನ್ನದೆ ಕಾಯುತ್ತದೆ. ಎಲೆಗೆ ಬೂಷ್ಟು ಹಿಡಿದು ಮೆತ್ತಗಾಗಬೇಕು. ಆ ಬೂಷ್ಟು, ಬ್ಯಾಕ್ಟೀರಿಯಾಗಳೇ ಅದರ ಊಟದ ದೊಡ್ಡ ಪಾಲು.

ಹಸಿ ಸೆಗಣಿಯದು ಇನ್ನೊಂದು ಕಥೆ. ಅದು ಬಿಸಿಯೇರುತ್ತದೆ, ಅಮೋನಿಯಾ ಬಿಡುತ್ತದೆ. ಎರಡು ಮೂರು ವಾರ ಹೊರಗೆ ಕೊಳೆಸಿ, ಒಳಗೆ ಕೈಯಿಟ್ಟಾಗ ತಣ್ಣಗಿದ್ದರೆ ಮಾತ್ರ ಹಾಕಬೇಕು. ಬೆಳಿಗ್ಗೆ ಗೋಣಿಚೀಲ ಎತ್ತಿದಾಗ ಹುಳುಗಳೆಲ್ಲ ತೊಟ್ಟಿಯ ಅಂಚಿಗೆ ಗುಂಪುಗಟ್ಟಿದ್ದರೆ ನಾನು ಮೊದಲು ತೇವ ನೋಡುತ್ತೇನೆ, ಆಮೇಲೆ ಹಿಂದಿನ ದಿನ ಏನು ಹಾಕಿದ್ದರು ಅಂತ ಕೇಳುತ್ತೇನೆ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ.

ಎಲೆ ಎಲೆಗೂ ವ್ಯತ್ಯಾಸವಿದೆ. ಗ್ಲಿರಿಸೀಡಿಯಾ ಸಾರಜನಕ ತುಂಬಿದ ಮೆತ್ತನೆ ಸೊಪ್ಪು, ಬೇಗ ಕರಗುತ್ತದೆ. ಅಕೇಶಿಯಾ, ಗೇರು ಎಲೆ ಒಗರು, ನಿಧಾನ. ಈ ಒಗರಿಗೆ ಹುಳುವಿನ ಕರುಳಿನಲ್ಲೇ ಮದ್ದಿದೆ. ಡ್ರೈಲೋಡಿಫೆನ್ಸಿನ್ ಎಂಬ ಆ ವಸ್ತುಗಳ ಬಗ್ಗೆ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಮದ್ದು ಇದೆ ಅಂತ ಬರೀ ಒಗರನ್ನೇ ತಿನ್ನಿಸುವುದು ನನಗೆ ಒಪ್ಪಿಗೆಯಿಲ್ಲ. ನಾನು ಸೊಪ್ಪು, ಸೆಗಣಿ ಬೆರೆಸಿಯೇ ಹಾಕಿಸುತ್ತೇನೆ. ತೆಂಗಿನ ಗರಿಯಂಥ ಗಡುಸು ವಸ್ತುವೂ ಗೊಬ್ಬರವಾಗುತ್ತದೆ. ಕಾಸರಗೋಡಿನ ಸಿಪಿಸಿಆರ್‌ಐನವರು (ತೆಂಗು, ಅಡಿಕೆಯಂಥ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಅಲ್ಲೇ ಸಿಕ್ಕ ಯೂಡ್ರಿಲಸ್ ಹುಳುವಿನಿಂದಲೇ ಅದನ್ನು ಮಾಡಿ ತೋರಿಸಿದ್ದಾರೆ. ಗರಿಗೆ ಸೆಗಣಿ ನೀರು ಸೇರಿಸಿ ಮೊದಲು ಕೊಳೆಸಬೇಕು, ಅಷ್ಟೇ.

ತೋಟದವರಿಗೆ ನಾನು ಹೇಳುವುದು ಇಷ್ಟು: ಒಂದು ಸಾಲಿನ ಬುಡಕ್ಕೆ ಸೋಗೆ, ಸೊಪ್ಪು ಹೊದಿಸಿ, ಸೆಗಣಿ ನೀರು ಚಿಮುಕಿಸಿ, ಪಕ್ಕದ ಸಾಲನ್ನು ಹಾಗೇ ಬಿಡಿ. ಬೇಸಿಗೆಯಲ್ಲಿ ನೋಡಬೇಡಿ, ಆಗ ಹುಳು ಆಳಕ್ಕಿಳಿದು ಸುರುಳಿ ಸುತ್ತಿ ಮಲಗಿರುತ್ತದೆ. ಮಳೆಗಾಲ ಹಿಡಿದ ಮೇಲೆ ಹೊದಿಕೆ ಸರಿಸಿ ಎರಡೂ ಕಡೆಯ ಎರೆಹುಳದ ಹಿಕ್ಕೆ ಹೋಲಿಸಿ ನೋಡಿ, ಊಟ ಇದ್ದಲ್ಲಿಗೆ ಹುಳು ಬಂದಿದೆಯೇ ಅಂತ ಅದೇ ಹೇಳುತ್ತದೆ. ಅಷ್ಟಾದ ಮೇಲೂ ಹುಳು ಬೇಕು ಅನ್ನಿಸಿದರೆ ನೆರಳಲ್ಲೊಂದು ತೊಟ್ಟಿ ಕಟ್ಟಿಸಿ ಬನ್ನಿ, ಕೊಡ್ತೀನಿ.