ಹೊರಡುವವರಿಗೆ ಕೊಟ್ಟ ಮಾತು

ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿಯುವಾಗ ಅಯ್ಯನವರು, ಎಂದರೆ ನಮ್ಮ ಪಾದ್ರಿ, ಎರಡೂ ಕೈಗಳನ್ನೆತ್ತಿ ಇಸ್ರಾಯೇಲ್ಯರ ಮೊದಲ ಮಹಾಯಾಜಕ ಆರೋನನ ಆಶೀರ್ವಾದವನ್ನು ನುಡಿಯುತ್ತಾರೆ: ಕರ್ತನು ನಿಮ್ಮನ್ನು ಆಶೀರ್ವದಿಸಿ ಕಾಪಾಡಲಿ, ಪ್ರಸನ್ನಮುಖದಿಂದ ನಿಮ್ಮನ್ನು ನೋಡಿ ದಯೆ ತೋರಲಿ, ನಿಮ್ಮ ಮೇಲೆ ಕಟಾಕ್ಷವಿಟ್ಟು ಶಾಂತಿಯನ್ನು ಅನುಗ್ರಹಿಸಲಿ. ಹೆಂಗಸರು ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಬಾಗಿಲ ಬಳಿ ಕುಳಿತ ಕೆಲವರ ಕಾಲು ಆಗಲೇ ಚಪ್ಪಲಿ ಹುಡುಕುತ್ತಿರುತ್ತದೆ. ಊರಿನ ಬಸ್ಸು ತಪ್ಪೀತೆಂದು ಕಾಣಿಕೆ ಎತ್ತಿದ ಕೂಡಲೇ ಎದ್ದು ಹೋಗುವವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವಸರದಲ್ಲಿ ಅವರು ಬಿಟ್ಟುಹೋಗುತ್ತಿರುವುದು ಹೊರಡುವವರಿಗೆಂದೇ ಕೊಟ್ಟ ಮಾತನ್ನು.

ಬೈಬಲಿನ ಅರಣ್ಯಕಾಂಡದ 6ನೆಯ ಅಧ್ಯಾಯದಲ್ಲಿ ದೇವರು ಈ ಮಾತನ್ನು ಕಲಿಸಿಕೊಟ್ಟಾಗ ಇಸ್ರಾಯೇಲ್ಯರು ಇನ್ನೂ ಸೀನಾಯಿ ಬೆಟ್ಟದ ಬಳಿ ಇಳಿದುಕೊಂಡಿದ್ದರು. 10ನೆಯ ಅಧ್ಯಾಯದಲ್ಲಿ ಡೇರೆ ಕಿತ್ತು ಹೊರಟರು. ಆಶೀರ್ವಾದ ಪಡೆದ ಆ ಜನರೇ ಮುಂದೆ ನೀರಿಗೆ ಪರದಾಡಿದರು, ಗೊಣಗಿದರು, ಆ ತಲೆಮಾರಿನ ಬಹುಪಾಲು ಜನ ದೇವರು ಕೊಡುವೆನೆಂದ ಕಾನಾನ್ ನಾಡನ್ನು ಕಾಣದೆ ಅರಣ್ಯದಲ್ಲೇ ಮಣ್ಣಾದರು. ಹೀಗಿರುವಾಗ ಆಶೀರ್ವಾದವೆಂದರೆ ಸೈಟು, ಕಾರು, ಪ್ರಮೋಷನ್ನು ಎಂದು ಸಾರುವ ಪ್ರಸಂಗಗಳು ನನಗೆ ಹಿಡಿಸುವುದಿಲ್ಲ. 1979ರಲ್ಲಿ ಯೆರೂಸಲೇಮಿನ ಹತ್ತಿರ ಕೆತೆಫ್ ಹಿನ್ನೋಮ್ ಎಂಬಲ್ಲಿ ಇದೇ ಆಶೀರ್ವಾದದ ಸಾಲುಗಳನ್ನು ಕೊರೆದ ಬೆಳ್ಳಿಯ ಎರಡು ಪುಟ್ಟ ಸುರುಳಿಗಳು ದೊರೆತವು. ಕ್ರಿಸ್ತಪೂರ್ವ 7ನೆಯ ಶತಮಾನದ ಕೊನೆ ಅಥವಾ 6ನೆಯ ಶತಮಾನದ ಆರಂಭದವು ಎನ್ನುತ್ತಾರೆ. ನಮ್ಮ ಕಡೆ ತಾಯಿತ ಕಟ್ಟಿಕೊಳ್ಳುವಂತೆ ಯಾರೋ ಅವನ್ನು ಮೈಮೇಲೆ ಧರಿಸಿದ್ದಿರಬೇಕು. ಸಿಕ್ಕಿದ್ದು ಮಾತ್ರ ಸಮಾಧಿಯ ಗುಹೆಯಲ್ಲಿ.

ನನ್ನ ತಂದೆ ಸಂಡೂರಿನ ಅದಿರಿನ ಲಾರಿ ಓಡಿಸುತ್ತಿದ್ದರು. ಎಷ್ಟು ಉಜ್ಜಿದರೂ ಉಗುರಿನ ಸಂದಿನ ಕೆಂಪು ಹೋಗದ ಕೈಗಳನ್ನು ಜೋಡಿಸಿ, 'ಕಾಪಾಡಲಿ' ಎಂಬಲ್ಲಿ ಅವರು ಗಟ್ಟಿಯಾಗಿ 'ಆಮೆನ್' ಎನ್ನುತ್ತಿದ್ದರು. ಘಾಟಿನ ತಿರುವುಗಳು ಅವರ ಕಣ್ಣ ಮುಂದಿದ್ದವೆಂದು ಕಾಣುತ್ತದೆ. ಕೊನೆಯ ಕಾಯಿಲೆಯಲ್ಲಿ ಅಯ್ಯನವರು ಮಂಚದ ಪಕ್ಕ ನಿಂತು ಇದೇ ವಚನಗಳನ್ನು ಹೇಳಿದಾಗ ಗುಣವಾಗುವ ಆಸೆಯೇನೂ ಉಳಿದಿರಲಿಲ್ಲ. ಅಂದು ತಂದೆ 'ಆಮೆನ್' ಎಂದದ್ದು 'ನೋಡಿ ದಯೆ ತೋರಲಿ' ಎಂಬ ಸಾಲಿಗೆ. ಬಂಧುಗಳು ಮುಖ ನೋಡಲಾರದೆ ಕಿಟಕಿಯತ್ತ ತಿರುಗಿದ್ದ ಆ ಕೋಣೆಯಲ್ಲಿ, ಮುಖ ತಿರುಗಿಸದೆ ನೋಡುವವನೊಬ್ಬನಿದ್ದಾನೆ ಎಂಬುದೇ ಅವರಿಗೆ ಬೇಕಾಗಿತ್ತು. ಅಂದಿನಿಂದ ನನಗೂ ಈ ಆಶೀರ್ವಾದದ ತಿರುಳು ಆ ನೋಟವೇ ಆಗಿದೆ.

ಈಗ ಮಗಳು ಬೆಂಗಳೂರಿನ ಹಾಸ್ಟೆಲಿಗೆ ಮರಳುವ ರಾತ್ರಿ, ಹಂಪಿ ಎಕ್ಸ್‌ಪ್ರೆಸ್ಸಿಗೆ ಹೊರಡುವ ಮುನ್ನ, ಅವಳ ತಲೆಯ ಮೇಲೆ ಕೈಯಿಟ್ಟು ನಾನೇ ಈ ಮೂರು ವಚನಗಳನ್ನು ಹೇಳುತ್ತೇನೆ. ಇದು ಅಯ್ಯನವರ ಕೆಲಸವಲ್ಲವೇ ಎಂದು ಸಭೆಯ ಹಿರಿಯರೊಬ್ಬರು ಆಕ್ಷೇಪಿಸಿದರು. ಯೆಹೂದ್ಯರ ಮನೆಗಳಲ್ಲಿ ಶುಕ್ರವಾರ ಸಂಜೆ ತಂದೆತಾಯಿಗಳು ಮಕ್ಕಳನ್ನು ಇದೇ ಮಾತುಗಳಿಂದ ಹರಸುವುದುಂಟು ಎಂದೆ. ಅವರು ಒಪ್ಪಲಿಲ್ಲ. ಆಗ ಅರಣ್ಯಕಾಂಡದ ಅದೇ ಅಧ್ಯಾಯದ 27ನೆಯ ವಚನವನ್ನು ತೆಗೆದು ತೋರಿಸಿದೆ: ಯಾಜಕರು ದೇವರ ಹೆಸರನ್ನು ಜನರ ಮೇಲೆ ಉಚ್ಚರಿಸಬೇಕು, ಆಶೀರ್ವದಿಸುವವನು ತಾನೇ ಎಂದು ಅಲ್ಲಿ ದೇವರು ಹೇಳುತ್ತಾನೆ. ಹಾಗಾದರೆ ಅಯ್ಯನವರ ಕೈಯೂ ನನ್ನ ಕೈಯೂ ಬರಿಗೈಯೇ.